ದೂರುಗಳು: ಶೂನ್ಯ

ನಮ್ಮ ದೇವಶಾಸ್ತ್ರ ಕಾಲೇಜಿನ ವಿದ್ಯಾರ್ಥಿ ಕೈಪಿಡಿಗೆ ಅರವತ್ತನಾಲ್ಕು ಪುಟ. ಹಾಸ್ಟೆಲಿನಲ್ಲಿ ಬಟ್ಟೆ ಒಣಗಿಸುವ ಹಗ್ಗ ಎಷ್ಟು ಎತ್ತರದಲ್ಲಿರಬೇಕು, ಗಂಡು ಹೆಣ್ಣು ಒಟ್ಟಿಗೆ ಕೂತು ಓದುವಾಗ ಬಾಗಿಲು ಎಷ್ಟು ತೆರೆದಿರಬೇಕು (ಒಂದು ಮೊಳ), ಗ್ರಂಥಾಲಯದಲ್ಲಿ ನಿದ್ದೆ ಬಂದರೆ ಏನು ಮಾಡಬೇಕು (ಎದ್ದು ನಿಲ್ಲಬೇಕು), ಎಲ್ಲವೂ ಅದರಲ್ಲಿದೆ. ಆದರೆ ಹೊಸದಾಗಿ ಸೇರುವವರು ಗಮನವಿಟ್ಟು ಓದುವುದು ಒಂಬತ್ತನೇ ಪುಟ ಒಂದನ್ನೇ. ಹನ್ನೊಂದು ವರ್ಷದಿಂದ ಆ ಪುಟವನ್ನು ಟೈಪು ಮಾಡುತ್ತಿರುವವಳು ನಾನು.

ಅದರ ತಲೆಬರಹ ‘ಗ್ರಾಹಕ ಮಾಹಿತಿ’. ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಮಿತಿಯವರು ಇಟ್ಟ ಹೆಸರು. ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಎಷ್ಟು ದೂರು ಬಂದವು ಎಂದು ಪ್ರತಿ ವರ್ಷ ಅಚ್ಚು ಹಾಕಿಸಬೇಕೆಂದು ಅವರ ಕಟ್ಟಪ್ಪಣೆ. ಸೇರುವವರಿಗೆ ಮೋಸವಾಗಬಾರದಲ್ಲ! ನಮ್ಮ ಪ್ರಾಂಶುಪಾಲರಿಗೆ ಆ ತಲೆಬರಹ ಕಂಡರೆ ಮೈಯೆಲ್ಲ ಉರಿ. “ಗ್ರಾಹಕರಂತೆ! ನಾವೇನು ಅಂಗಡಿ ಇಟ್ಕೊಂಡಿದ್ದೀವಾ?” ಎನ್ನುತ್ತಲೇ ಮುಖಪುಟಕ್ಕೆ ಬಣ್ಣದ ಫೋಟೋ ಆರಿಸುತ್ತಿದ್ದರು. ಮರದಡಿ ಕೂತು ನಗುತ್ತಿರುವ ಆರು ವಿದ್ಯಾರ್ಥಿಗಳು. ಅವರಲ್ಲಿ ಇಬ್ಬರು ಮೊದಲ ವರ್ಷವೇ ಬಿಟ್ಟು ಹೋದವರು. ಒಬ್ಬ ಫೋಟೋಗ್ರಾಫರನ ತಮ್ಮ.

ಪದವಿ ಪಡೆದವರಲ್ಲಿ ನೂರಕ್ಕೆ ತೊಂಬತ್ತೆರಡು ಮಂದಿ ಸೇವೆಯಲ್ಲಿದ್ದಾರೆ ಎಂದು ಒಂಬತ್ತನೇ ಪುಟ ಹೇಳುತ್ತದೆ. ಅದನ್ನು ಹೇಗೆ ಎಣಿಸಿದೆವು ಎಂದು ನನ್ನನ್ನು ಕೇಳಿ. ಟ್ಯಾಕ್ಸಿ ಓಡಿಸುತ್ತಿದ್ದವನನ್ನು ಸಂಚಾರಿ ಸೇವೆಗೆ ಸೇರಿಸಿದೆವು. ಮದುವೆಯಾಗಿ ಮನೆಯಲ್ಲಿದ್ದವಳನ್ನು ಕುಟುಂಬ ಸೇವೆಗೆ ಸೇರಿಸಿದೆವು. ತೀರಿಕೊಂಡವನೊಬ್ಬನಿದ್ದ, ಅವನನ್ನಾದರೂ ತೆಗೆಯಲೇ ಎಂದು ಕೇಳಿದೆ. ಪ್ರಾಂಶುಪಾಲರು ಕಿಟಕಿಯಾಚೆ, ಆಕಾಶದ ಕಡೆ ಕೈ ತೋರಿಸಿದರು. “ಅವನು ಈಗ ನಮ್ಮೆಲ್ಲರಿಗಿಂತ ಹತ್ತಿರದ ಸೇವೇಲಿದ್ದಾನೆ. ಇರಲಿ” ಎಂದರು. ನಾನು ಟೈಪು ಮಾಡಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟುವ ಜಾತಿ ನಾನು. ಕಟ್ಟುವುದಷ್ಟೇ ಅಲ್ಲ, ಕರುವಿನ ತೂಕವನ್ನೂ ಕೋಷ್ಟಕದಲ್ಲಿ ತುಂಬಿಸಿಕೊಡುತ್ತಿದ್ದೆ.

ಯಾಕೆಂದರೆ ಪ್ರಾಂಶುಪಾಲರು ನನ್ನ ಭಾವ, ಅಕ್ಕನ ಗಂಡ. ಮದುವೆಯಾಗದ ನನಗೆ ಅವರ ಮನೆಯಲ್ಲಿ ಹಿಂದಿನ ಕೋಣೆ, ಅವರ ಕಾಲೇಜಿನಲ್ಲಿ ಮುಂದಿನ ಕೋಣೆ. ಬೆಳಿಗ್ಗೆ ಒಂಬತ್ತರಿಂದ ಐದರವರೆಗೆ ಸರ್, ಆಮೇಲೆ ಭಾವ. ಕೆಟ್ಟ ಮನುಷ್ಯರಲ್ಲ. ನನಗೆ ಜ್ವರ ಬಂದಾಗ ತಾವೇ ಔಷಧಿ ತಂದುಕೊಟ್ಟವರು. ತಾವು ತಪ್ಪು ಮಾಡಬಹುದು ಎಂಬ ಒಂದು ವಿಚಾರ ಮಾತ್ರ ಅವರ ತಲೆಯೊಳಗೆ ಹೋಗಲು ದಾರಿಯೇ ಇರಲಿಲ್ಲ.

ಇನ್ನು ದೂರುಗಳ ಸಾಲು. ಹನ್ನೊಂದು ವರ್ಷವೂ ಒಂದೇ ಅಂಕಿ, ಶೂನ್ಯ. ಇದರಲ್ಲಿ ಲೆಕ್ಕದ ಕೈಚಳಕವಿಲ್ಲ. ಎಲ್ಲ ಹದಿನಾಲ್ಕನೇ ನಿಯಮದ ಮಹಿಮೆ. ವಿದ್ಯಾರ್ಥಿಗೆ ಅನ್ಯಾಯವಾದರೆ ಶಾಸ್ತ್ರದಲ್ಲಿ ಹೇಳಿದಂತೆ ಮೂರು ಹೆಜ್ಜೆ ಇಡಬೇಕು. ಮೊದಲು, ಅನ್ಯಾಯ ಮಾಡಿದವರ ಬಳಿ ಒಬ್ಬರೇ ಹೋಗಿ ಮಾತಾಡಬೇಕು. ಕೇಳದಿದ್ದರೆ ಒಂದಿಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೋಗಬೇಕು. ಆಗಲೂ ಕೇಳದಿದ್ದರೆ ಸಭೆಯ ಮುಂದೆ ಹೇಳಬೇಕು. ಮೂರೂ ಆದ ಮೇಲೆಯೇ ಹಸಿರು ರಟ್ಟಿನ ದೂರು ಪುಸ್ತಕದಲ್ಲಿ ಬರೆಯುವುದು. ಕೇಳಲು ಬಹಳ ಚೆನ್ನಾಗಿದೆ. ಆದರೆ ಇದಕ್ಕೆ ಭಾವ ಒಂದು ಪದ್ಧತಿ ಜೋಡಿಸಿದ್ದರು. ಪ್ರತಿ ಹೆಜ್ಜೆಯ ಕೊನೆಗೆ ಪ್ರಾರ್ಥನೆ. ದೂರು ತಂದವರು ಆಮೆನ್ ಅಂದರೆ ಒಪ್ಪಿದಂತೆ, ದೂರು ಅಲ್ಲಿಗೆ ಮುಗಿದಂತೆ.

ಭಾವನ ಪ್ರಾರ್ಥನೆ ಹನ್ನೆರಡು ನಿಮಿಷ. ವಿದ್ಯಾರ್ಥಿಗಳು ಅವರನ್ನು ಬೆನ್ನ ಹಿಂದೆ ‘ಹನ್ನೆರಡು ನಿಮಿಷ’ ಎಂದೇ ಕರೆಯುತ್ತಿದ್ದರು. ತಲೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಈ ಮಗುವಿನ ಎದೆಯಲ್ಲಿರುವ ಕಹಿ ತೆಗೆದುಹಾಕಪ್ಪಾ ಎಂದು ಶುರು ಮಾಡಿದರೆ, ಐದನೇ ನಿಮಿಷಕ್ಕೆ ದೂರು ತಂದವನಿಗೆ ತನ್ನ ಮೇಲೇ ಅನುಮಾನ. ಹತ್ತನೇ ನಿಮಿಷಕ್ಕೆ ಅಳು. ಒಮ್ಮೆ ಒಬ್ಬ ಹುಡುಗ ಹಾಸ್ಟೆಲಿನ ಸೂರು ಸೋರಿ ಹಾಸಿಗೆಯೆಲ್ಲ ನೆನೆಯಿತು ಎಂದು ಒಳಗೆ ಹೋದವನು, ಹೊರಗೆ ಬರುವಾಗ ತನ್ನ ಅಹಂಕಾರಕ್ಕೆ ಕ್ಷಮೆ ಬೇಡಿ ಬಂದ. ಹಾಸಿಗೆ ಒದ್ದೆಯಾಗಿಯೇ ಇತ್ತು. ಮನೆಯಲ್ಲೂ ಇದೇ ಮದ್ದು. ಮದುವೆಯಾದ ಹೊಸದರಲ್ಲಿ ಅಕ್ಕನಿಗೆ ಶಾಲೆಯ ಕೆಲಸ ಬಿಡುವ ಮನಸ್ಸಿರಲಿಲ್ಲ. ಹನ್ನೆರಡು ನಿಮಿಷದ ನಂತರ ಬಿಟ್ಟಳು. ಮೂವತ್ತು ವರ್ಷದ ಮೇಲಾಯಿತು, ಈಗಲೂ ಅವಳು ಹಳೆಯ ಸೀಮೆಸುಣ್ಣದ ಡಬ್ಬಿಯನ್ನು ಎಸೆದಿಲ್ಲ, ಅದರಲ್ಲಿ ಗುಂಡಿ ಸೂಜಿ ಇಟ್ಟುಕೊಂಡಿದ್ದಾಳೆ.

ಹೀಗಿರುವಾಗ ಒಂದು ಸೋಮವಾರ, ಎಲ್ಲರೂ ನರ್ಸಮ್ಮ ಎಂದೇ ಕರೆಯುತ್ತಿದ್ದ ವಿದ್ಯಾರ್ಥಿನಿ ನನ್ನ ಮೇಜಿನ ಮುಂದೆ ಬಂದು ನಿಂತಳು. ಮಕ್ಕಳ ವಾರ್ಡಿನಲ್ಲಿ ಒಂಬತ್ತು ವರ್ಷ ನರ್ಸಾಗಿದ್ದವಳು. ಎತ್ತಿ ಇಳಿಸಿ ಬೆನ್ನು ಹೋಯಿತು. ಇನ್ನು ವಾರ್ಡಿನ ಕೆಲಸ ಸಾಧ್ಯವಿಲ್ಲವೆಂದು ವೈದ್ಯರು ಹೇಳಿದ ಮೇಲೆ ನಮ್ಮಲ್ಲಿ ಆಪ್ತಸಲಹೆಯ ಪದವಿಗೆ ಸೇರಿದ್ದಳು. ಕಾಯಿಲೆಯ ಮಕ್ಕಳ ಅಪ್ಪ ಅಮ್ಮಂದಿರ ಜೊತೆ ಕೂತು ಮಾತಾಡುವ ಕೆಲಸವೊಂದನ್ನು ಅದೇ ಆಸ್ಪತ್ರೆಯವರು ಅವಳಿಗಾಗಿ ಕಾದಿರಿಸಿದ್ದರು.

ಕೈಪಿಡಿಯ ಒಂಬತ್ತನೇ ಪುಟ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟಳು. ಈ ಪದವಿಗೆ ಆಸ್ಪತ್ರೆ ಸಲಹೆಗಾರರ ಮಂಡಳಿಯ ಮನ್ನಣೆ ಇದೆ, ಎಂದಿತ್ತು.

“ಮೇಡಂ, ನಾನು ಮಂಡಳಿಗೆ ಹೋಗಿದ್ದೆ. ಮನ್ನಣೆ ಹೋಗಿ ಎರಡು ವರ್ಷ ಆಯ್ತಂತೆ. ಕಾಲೇಜಿಗೆ ಕಾಗದಾನೂ ಕಳಿಸಿದ್ದಾರಂತೆ.”

ನನ್ನ ಕೈ ತಾನಾಗಿಯೇ ಕೆಳಗಿನ ಡ್ರಾಯರಿನ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಾಗದ ಅಲ್ಲೇ ಇತ್ತು. ಎರಡು ವರ್ಷದ ಹಿಂದೆ ಅದನ್ನು ಹಿಡಿದುಕೊಂಡು ಭಾವನ ಕೋಣೆಗೆ ನಾನೇ ಹೋಗಿದ್ದೆ. ‘ಮತ್ತೆ ಅರ್ಜಿ ಹಾಕ್ತೀವಲ್ಲ, ಬಂದೇ ಬರುತ್ತೆ. ಕಾಣದ್ದನ್ನ ನಂಬೋದೇ ವಿಶ್ವಾಸ. ನೀನು ವಿಶ್ವಾಸದಿಂದ ಟೈಪ್ ಮಾಡು’ ಎಂದಿದ್ದರು. ಮಾಡಿದ್ದೆ. ಅದನ್ನು ಓದಿಯೇ ಇವಳು ಸೇರಿದ್ದಳು.

“ಈಗೇನು ಮಾಡ್ತೀರಿ?” ಎಂದೆ.

“ಮೋಸ ಹೋದ ವಿದ್ಯಾರ್ಥಿಗಳನ್ನ ಬೇರೆ ಕಾಲೇಜಿಗೆ ಕಳಿಸಿ, ಓದಿದ್ದೆಲ್ಲ ಲೆಕ್ಕಕ್ಕೆ ತಗೊಂಡು ಮುಗಿಸೋಕೆ ಬಿಡ್ತಾರಂತೆ. ಆದ್ರೆ ದೂರು ನಿಮ್ಮ ಪುಸ್ತಕದಲ್ಲಿ ದಾಖಲಾಗಿರಬೇಕಂತೆ. ಗುರುವಾರ ಮಾನ್ಯತೆ ಸಮಿತಿಯವರು ತಪಾಸಣೆಗೆ ಬರ್ತಾರಲ್ಲ, ಅವರು ನೋಡಿ ಸಹಿ ಹಾಕಬೇಕು. ಇಲ್ಲಾಂದ್ರೆ ಆಸ್ಪತ್ರೆಯವರು ಆ ಕೆಲಸ ಬೇರೆಯವರಿಗೆ ಕೊಡ್ತಾರೆ. ಪುಸ್ತಕ ಕೊಡಿ, ಬರೀತೀನಿ.”

ಹಾಗೆಲ್ಲ ಕೊಡುವಂತಿಲ್ಲ, ಹದಿನಾಲ್ಕನೇ ನಿಯಮ ಓದಿ ಎಂದೆ. ಅವಳು ನಿಂತಲ್ಲೇ ಓದಿದಳು. ಮಾತ್ರೆಯ ಚೀಟಿ ಓದುವಂತೆ, ಒಂದೊಂದು ಪದವನ್ನೂ ಓದಿದಳು. “ಸರಿ. ಮೂರು ಹೆಜ್ಜೆ ತಾನೇ” ಎಂದು ನೇರ ಭಾವನ ಕೋಣೆಗೆ ಹೋದಳು.

ಭಾವನ ಕೋಣೆಗೂ ನನ್ನ ಕೋಣೆಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ಕಿವಿಗೊಟ್ಟು ಕೇಳುವ ಅಗತ್ಯವೇ ಇಲ್ಲ. ಮಾತು ಬೇಗ ಮುಗಿಯಿತು. ಪ್ರಾರ್ಥನೆ ಶುರುವಾಯಿತು. ನಾನು ಗಡಿಯಾರ ನೋಡುತ್ತಾ ಕೂತೆ. ಹನ್ನೆರಡನೇ ನಿಮಿಷಕ್ಕೆ ಸರಿಯಾಗಿ ಭಾವ ಆಮೆನ್ ಅಂದರು. ಆಮೇಲೆ ಸದ್ದಿಲ್ಲ.

“ಆಮೆನ್” ಎಂದು ಇನ್ನೊಮ್ಮೆ ಅಂದರು, ಮಗುವಿಗೆ ಹೇಳಿಕೊಟ್ಟ ಹಾಗೆ.

“ಇಲ್ಲ ಸರ್” ಎಂದಳು ನರ್ಸಮ್ಮ. “ನನ್ನ ಎದೇಲಿ ಕಹಿ ಇಲ್ಲ. ನಿಮ್ಮ ಪುಸ್ತಕದಲ್ಲಿ ತಪ್ಪಿದೆ. ಅದನ್ನ ಸರಿ ಮಾಡು ದೇವರೇ ಅಂತ ನೀವು ಒಂದು ಸಲಾನೂ ಕೇಳಲಿಲ್ಲ.”

“ತಂಗಿ, ಇದು ದೇವರ ಮನೆ. ನೀನು ಇದನ್ನ ಅಂಗಡಿ ಅಂದ್ಕೊಂಡೆಯಲ್ಲ, ಅದೇ ನಂಗೆ ಬೇಜಾರು.”

“ಅಂಗಡಿ ಆಗಿದ್ರೆ ಕೆಟ್ಟ ಮಾಲು ವಾಪಸ್ ತಗೋತಿದ್ರು ಸರ್.”

ನನಗೆ ನಗು ತಡೆಯಲಾಗದೆ ಫೋಟೋಕಾಪಿ ಯಂತ್ರವನ್ನು ಚಾಲೂ ಮಾಡಿ ಅದರ ಗದ್ದಲದಲ್ಲಿ ನಕ್ಕೆ. ಆಮೇಲೆ ನಾಚಿಕೆಯಾಯಿತು. ಆ ಕೆಟ್ಟ ಮಾಲಿಗೆ ಚೀಟಿ ಅಂಟಿಸಿದವಳು ನಾನೇ ಅಲ್ಲವೇ?

ಎರಡನೇ ಹೆಜ್ಜೆಗೆ ಸಾಕ್ಷಿ ಬೇಕಿತ್ತು. ನರ್ಸಮ್ಮ ಮಂಗಳವಾರ ಇಡೀ ದಿನ ಹಾಸ್ಟೆಲಿನ ಬಾಗಿಲುಗಳನ್ನು ತಟ್ಟಿದಳು. ಅದೇ ಪದವಿಗೆ ಸೇರಿದ್ದ ಹದಿನೇಳು ಮಂದಿ ಇದ್ದರು, ಅವರಿಗೂ ಅದೇ ಮೋಸ. ತರಗತಿಯ ನಾಯಕ, “ಅಕ್ಕಾ, ನಾನು ಪ್ರಾರ್ಥನೆಯಲ್ಲಿ ನಿಮ್ಮ ಜೊತೆ ಇರ್ತೀನಿ” ಎಂದ. ಇನ್ನೊಬ್ಬಳಿಗೆ ಬುಧವಾರ ತಲೆನೋವು ಬರುವುದು ಮಂಗಳವಾರವೇ ಗೊತ್ತಾಗಿತ್ತು. ಸಮಾನತೆ, ನ್ಯಾಯ ಎಂದು ನಲವತ್ತು ಪುಟದ ಪ್ರಬಂಧ ಬರೆದು ಬಹುಮಾನ ಪಡೆದವನೊಬ್ಬ ಆ ಪ್ರಬಂಧದ ಪ್ರತಿಯನ್ನು ಓದಲು ಕೊಟ್ಟು ಕಳಿಸಿದ. ಬೆಕ್ಕಿಗೆ ಗಂಟೆ ಕಟ್ಟುವುದು ಹೇಗೆ ಎಂದು ಎಲ್ಲರಿಗೂ ಗೊತ್ತು, ಅದರ ಮೇಲೆ ಪದವಿಯೂ ಇದೆ. ಕಟ್ಟುವವರು ಮಾತ್ರ ಇಲ್ಲ.

ಕೊನೆಗೆ ಒಪ್ಪಿದವಳು ಹಾಸ್ಟೆಲಿನ ಅಡುಗೆಯಮ್ಮ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. “ಆ ಹುಡುಗಿ ನನ್ನ ಸುಟ್ಟ ಕೈಗೆ ಹತ್ತು ದಿನ ಪಟ್ಟಿ ಕಟ್ಟಿದ್ಳು. ಎಲ್ಲಿಗೆ ಕರೆದ್ರೂ ಬರ್ತೀನಿ” ಎಂದಳು.

ಬುಧವಾರ ನರ್ಸಮ್ಮ ಮತ್ತೆ ನನ್ನ ಮೇಜಿಗೆ ಬಂದಳು. ಕೂರಲಿಲ್ಲ, ಬೆನ್ನು ನೋವಿದ್ದವರು ನಿಲ್ಲುವಂತೆ ಮೇಜಿನ ಅಂಚು ಹಿಡಿದು ನಿಂತಳು. “ಮೇಡಂ, ನೀವೂ ಬನ್ನಿ. ಕಾಗದ ನಿಮ್ಮ ಹತ್ರ ಇದೆ ಅಂತ ನಂಗೆ ಮೊನ್ನೇನೇ ಗೊತ್ತಾಯ್ತು. ನಿಮ್ಮ ಕೈ ನೋಡಿದೆ.”

ಹಿಂದಿನ ರಾತ್ರಿ ಊಟ ಬಡಿಸುವಾಗಲೇ ಅಕ್ಕ ನನಗೆ ಹೇಳಿದ್ದಳು. “ಏನೋ ಗಲಾಟೆಯಂತೆ ಕಾಲೇಜಲ್ಲಿ. ನೀನು ಮಧ್ಯೆ ಹೋಗ್ಬೇಡ ಕಣೇ. ಉಂಡ ಮನೆ ಗಳ ಹಿರಿದರೆ ಸೂರು ನಮ್ಮ ತಲೆ ಮೇಲೇ ಬೀಳೋದು.” ಹೇಳುವಾಗ ಅವಳು ನನ್ನ ಮುಖ ನೋಡಿರಲಿಲ್ಲ.

ಆದರೂ ಎದ್ದು ಹೋದೆ. ಹೋದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವಂತಿಲ್ಲ, ಮುಂದೆ ಕೇಳಿ. ಭಾವ ಮೂವರನ್ನೂ ಕೂರಿಸಿ ನೇರ ಪ್ರಾರ್ಥನೆಗೆ ಇಳಿದರು. ಅಂದು ಇಪ್ಪತ್ತು ನಿಮಿಷ. ಅನ್ನ ಕೊಟ್ಟ ಕೈ, ನೆರಳು ಕೊಟ್ಟ ಮರ, ಎಲ್ಲವೂ ಬಂದವು. ನನ್ನ ತಾಯಿ ಸಾಯುವಾಗ ನನ್ನನ್ನು ಯಾರ ಕೈಗೆ ಒಪ್ಪಿಸಿದಳು ಎಂಬುದೂ ಬಂತು. ಭಾವ ಆಮೆನ್ ಎಂದರು. ನನ್ನ ಬಾಯಿ, ನನ್ನನ್ನು ಕೇಳದೆಯೇ, ಆಮೆನ್ ಎಂದಿತು.

ಹಾಳು ಬಾಯಿ! ಐವತ್ತೆರಡು ವರ್ಷದ ಅಭ್ಯಾಸ. ನರ್ಸಮ್ಮ ತಿರುಗಿ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು. ಇಂಥವರನ್ನು ಬೇಕಾದಷ್ಟು ನೋಡಿದ್ದೇನೆ ಎಂಬ ಸುಸ್ತಿತ್ತು.

“ಸರಿ” ಎಂದರು ಭಾವ, ಮುಖ ಅರಳಿಸಿ. “ಸಾಕ್ಷಿಗಳೇ ಒಪ್ಪಿದ ಮೇಲೆ...”

“ಒಂದಿಬ್ಬರು ಅಂತಿದೆ ಸರ್, ನಿಯಮದಲ್ಲಿ. ಒಬ್ಬರಾದ್ರೂ ಸಾಕು” ಎಂದಳು ನರ್ಸಮ್ಮ. ಎಲ್ಲರೂ ಅಡುಗೆಯಮ್ಮನ ಕಡೆ ನೋಡಿದೆವು. ಅಡುಗೆಯಮ್ಮ ಇನ್ನೂ ಕಣ್ಣು ಮುಚ್ಚಿಕೊಂಡು, ತಲೆ ಬಗ್ಗಿಸಿ, ಪ್ರಾರ್ಥನೆ ನಡೆಯುತ್ತಿದೆ ಎಂದೇ ಕೂತಿದ್ದಳು. ಭುಜ ಮುಟ್ಟಿ ಎಬ್ಬಿಸಿ, ಒಪ್ಪುತ್ತೀಯೇನಮ್ಮಾ ಎಂದು ಭಾವ ಕೂಗಿ ಕೇಳಿದರು. “ಏನು ಒಪ್ಪೋದು?” ಎಂದು ಅವಳೂ ಕೂಗಿದಳು. “ಇವಳಿಗೆ ಸುಳ್ಳು ಹೇಳಿ ಸೇರಿಸ್ಕೊಂಡ್ರಲ್ಲ, ಅದಕ್ಕಾ? ನಾನ್ಯಾಕೆ ಒಪ್ಪಲಿ?” ಕಾರಿಡಾರಿನಲ್ಲಿ ಹೋಗುತ್ತಿದ್ದವರೂ ನಿಂತು ಕೇಳಿದರು.

ಗುರುವಾರ ಬೆಳಿಗ್ಗೆ ಸಮಿತಿಯ ಮೂವರು ಬಂದರು. ಪ್ರಾರ್ಥನಾ ಮಂದಿರದ ಮುಂದಿನ ಸಾಲಿನಲ್ಲಿ ಅವರಿಗೆ ಮೆತ್ತೆ ಹಾಕಿದ ಕುರ್ಚಿ. ಸಮಿತಿಯ ಮುಖ್ಯಸ್ಥೆ ಒಬ್ಬ ವಯಸ್ಸಾದ ಹೆಂಗಸು. ದಪ್ಪ ಕನ್ನಡಕ, ಕಿವಿಯ ಮೇಲೆ ಪೆನ್ಸಿಲು. ಸೂರು ಸೋರಿ ಮೂಡಿದ್ದ ಕಲೆಗಳ ಮೇಲೆ ಭಾವ ಹಿಂದಿನ ದಿನವೇ ದೊಡ್ಡ ಬಟ್ಟೆ ಬ್ಯಾನರು ಕಟ್ಟಿಸಿದ್ದರು. ಸ್ವಾಗತ ಭಾಷಣದಲ್ಲಿ, “ಹನ್ನೊಂದು ವರ್ಷದಿಂದ ಈ ಕುಟುಂಬದಲ್ಲಿ ಒಂದೇ ಒಂದು ದೂರು ಇಲ್ಲ” ಎಂದು ಹೇಳಿ, ಚಪ್ಪಾಳೆಗೆ ಸ್ವಲ್ಪ ಜಾಗ ಬಿಟ್ಟರು. ತರಗತಿಯ ನಾಯಕ ಆ ಜಾಗ ತುಂಬಿಸಿದ.

ನಮ್ಮಲ್ಲಿ ದಿನವೂ ಹಾಡಿನ ನಂತರ ಐದು ನಿಮಿಷ ಸಾಕ್ಷಿಗೆ ಬಿಡುತ್ತಾರೆ. ಯಾರು ಬೇಕಾದರೂ ಎದ್ದು, ದೇವರು ತಮಗೆ ಮಾಡಿದ ಒಳ್ಳೆಯದನ್ನು ಹೇಳಬಹುದು. ಸಾಮಾನ್ಯವಾಗಿ ಯಾರಿಗಾದರೂ ಕಳೆದುಹೋದ ಬೀಗದ ಕೈ ಸಿಕ್ಕಿರುತ್ತದೆ. ಅಂದು ನರ್ಸಮ್ಮ ಎದ್ದಳು.

“ಹದಿನಾಲ್ಕನೇ ನಿಯಮದ ಮೂರನೇ ಹೆಜ್ಜೆ ಇದು. ಸಭೆಯ ಮುಂದೆ ಹೇಳಬೇಕು ಅಂತಿದೆ, ಹೇಳ್ತಿದ್ದೀನಿ” ಎಂದು ಶುರು ಮಾಡಿ, ನಡೆದದ್ದನ್ನು ನಡೆದಂತೆ ಹೇಳಿದಳು. ಮೂರು ನಿಮಿಷವೂ ಆಗಲಿಲ್ಲ. ಅಳಲಿಲ್ಲ, ಕೂಗಲಿಲ್ಲ. ಡ್ಯೂಟಿ ಬದಲಾಗುವಾಗ ಒಬ್ಬ ನರ್ಸು ಇನ್ನೊಬ್ಬಳಿಗೆ ರೋಗಿಯ ಸ್ಥಿತಿ ಹೇಳುವ ಹಾಗೆ ಹೇಳಿ ಕೂತಳು.

ಭಾವ ಎದ್ದು ಕೈ ಚಾಚಿದರು. “ನಮ್ಮ ಸಹೋದರಿ ಬಹಳ ಒತ್ತಡದಲ್ಲಿದ್ದಾಳೆ. ಎಲ್ಲರೂ ತಲೆ ಬಾಗಿಸಿ, ಅವಳಿಗೋಸ್ಕರ ಪ್ರಾರ್ಥನೆ...”

“ಪ್ರಾರ್ಥನೆ ಆಮೇಲೆ ಮಾಡೋಣ ಅಯ್ಯನವರೇ” ಎಂದರು ಆ ಹೆಂಗಸು, ಕಿವಿಯಿಂದ ಪೆನ್ಸಿಲು ತೆಗೆಯುತ್ತಾ. “ದೇವರೆಲ್ಲೂ ಹೋಗಲ್ಲ, ನಮಗೆ ಮೂರು ಗಂಟೆ ರೈಲು. ಆ ಕಾಗದ ಬಂದಿತ್ತಾ ಇಲ್ವಾ?”

“ಅಂಥ ಕಾಗದ ನನ್ನ ಗಮನಕ್ಕೆ ಬಂದಿಲ್ಲ” ಎಂದರು ಭಾವ.

ಇಷ್ಟು ವರ್ಷ ಅವರು ಹೇಳಿದ ಸುಳ್ಳುಗಳನ್ನು ನಾನು ಟೈಪು ಮಾಡಿದ್ದೆ. ಅವರ ಬಾಯಿಂದ ನೇರ ಕೇಳಿದ್ದು ಅಂದೇ ಮೊದಲು. ಟೈಪು ಮಾಡುವಾಗ ಅದು ಅಕ್ಷರ. ಕೇಳುವಾಗ ಎದೆಗೆ ಗುದ್ದಿದಂತಾಯಿತು. ಇವರ ಗಮನಕ್ಕೆ ಬಂದಿಲ್ಲ ಎಂದರೆ, ಬಚ್ಚಿಟ್ಟವಳು ನಾನು ಎಂದಾಯಿತಲ್ಲ! ನಿಜ ಹೇಳಬೇಕೆಂದರೆ ನನ್ನನ್ನು ಎಬ್ಬಿಸಿದ್ದು ನ್ಯಾಯವಲ್ಲ, ಮೊದಲು ಎಬ್ಬಿಸಿದ್ದು ಸಿಟ್ಟು. ಎರಡು ದಿನದಿಂದ ಕೈಚೀಲದಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ ಕಾಗದ ತೆಗೆದು ಮುಂದಿನ ಸಾಲಿಗೆ ನಡೆದುಹೋಗಿ ಸಮಿತಿಯ ಮುಖ್ಯಸ್ಥೆಯ ಕೈಗಿಟ್ಟೆ. ಅದರ ಮೂಲೆಯಲ್ಲಿ ಭಾವನ ಕೈಬರಹ ಇತ್ತು: ‘ನೋಡಿದೆ. ಕಡತಕ್ಕೆ ಹಾಕಿ.’ ದಿನಾಂಕವೂ ಇತ್ತು. ಎಲ್ಲದರಲ್ಲೂ ಅಚ್ಚುಕಟ್ಟು ನಮ್ಮ ಭಾವ.

ಆ ಹೆಂಗಸು ಹಸಿರು ಪುಸ್ತಕ ತರಿಸಿದರು. ಹನ್ನೊಂದು ವರ್ಷ ತೆರೆಯದೆ ಹಾಳೆಗಳು ಒಂದಕ್ಕೊಂದು ಅಂಟಿದ್ದವು, ಅಡುಗೆಯಮ್ಮನ ಚಾಕುವಿನಿಂದ ಬಿಡಿಸಬೇಕಾಯಿತು. ಮೊದಲ ಸಾಲನ್ನು ನರ್ಸಮ್ಮನೇ ಬರೆದಳು. ಅವಳು ಬರೆದು ಮುಗಿಸುವಷ್ಟರಲ್ಲಿ ಉಳಿದ ಹದಿನೇಳು ಮಂದಿ ಸಾಲಾಗಿ ನಿಂತಿದ್ದರು. ನ್ಯಾಯದ ಪ್ರಬಂಧದವನು ಎಲ್ಲರಿಗಿಂತ ಮುಂದೆ. ತಲೆನೋವಿನವಳಿಗೆ ತಲೆನೋವು ವಾಸಿಯಾಗಿತ್ತು.

ರೈಲಿಗೆ ಹೊರಡುವ ಮೊದಲು ಸಮಿತಿಯವರು ಎರಡು ಆಜ್ಞೆ ಬರೆದರು. ನರ್ಸಮ್ಮನೂ ಉಳಿದವರೂ ಓದಿದ್ದನ್ನೆಲ್ಲ ಲೆಕ್ಕಕ್ಕೆ ಹಿಡಿದು ಬೇರೆ ಕಾಲೇಜಿನಲ್ಲಿ ಮುಗಿಸಬಹುದು. ಒಂಬತ್ತನೇ ಪುಟವನ್ನು ನಾನು, ಬೇರೆ ಯಾರ ಸಹಿಯೂ ಇಲ್ಲದೆ, ಹೊಸದಾಗಿ ಬರೆದು ಒಂದು ತಿಂಗಳಲ್ಲಿ ಕಳಿಸಬೇಕು. ಸಂಜೆಯೇ ಎಣಿಸಲು ಕೂತೆ. ತೊಂಬತ್ತೆರಡು ಮೂವತ್ತೆಂಟಕ್ಕೆ ಇಳಿಯಿತು. ನರ್ಸಮ್ಮ ಶುಕ್ರವಾರ ಸಾಮಾನು ಕಟ್ಟಿಕೊಂಡು ಹೊರಡುವಾಗ ಆಫೀಸಿಗೆ ಬಂದಳು. ನಾನು ಕ್ಷಮೆ ಕೇಳಿದೆ. “ಬುಧವಾರದ ಆಮೆನ್‌ಗಾ, ಎರಡು ವರ್ಷದ ಹಿಂದಿನ ಟೈಪಿಂಗಿಗಾ?” ಎಂದು ಕೇಳಿದಳು. ಎರಡಕ್ಕೂ ಎಂದೆ. “ಕಾಗದ ತಂದುಕೊಟ್ರಲ್ಲ ಮೇಡಂ” ಎಂದಳು. ಕ್ಷಮಿಸಿದೆ ಎಂದು ಹೇಳಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ಭಾನುವಾರ ಆರಾಧನೆ ಮುಗಿಸಿ ಬಂದು ಮಧ್ಯಾಹ್ನ ಊಟಕ್ಕೆ ಕೂತೆವು. ಅಕ್ಕ ಪಾತ್ರೆಗಳನ್ನು ತಂದಿಟ್ಟಳು, ಹಬೆ ಏಳುತ್ತಿತ್ತು. ನಮ್ಮ ಮನೆಯಲ್ಲಿ ಎಲ್ಲರೂ ಆಮೆನ್ ಅಂದ ಮೇಲೆಯೇ ಬಡಿಸುವುದು.

“ನೀನು ಮೊದಲು ನನ್ನ ಹತ್ರ ಒಬ್ಳೇ ಬಂದು ಹೇಳಬಹುದಿತ್ತು” ಎಂದರು ಭಾವ. ಸ್ವರದಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ನೊಂದಿದ್ದರು. “ಮನೆಯವಳು ನೀನು. ಎಲ್ಲರ ಮುಂದೆ ಯಾಕೆ?”

“ಎರಡು ವರ್ಷದ ಹಿಂದೆ ಆ ಕಾಗದ ಹಿಡ್ಕೊಂಡು ಒಬ್ಳೇ ಬಂದಿದ್ದೆ ಭಾವ. ಸತ್ತವನನ್ನ ಪಟ್ಟಿಯಿಂದ ತೆಗೀಲಾ ಅಂತ ಕೇಳೋಕೂ ಒಬ್ಳೇ ಬಂದಿದ್ದೆ. ಹನ್ನೊಂದು ವರ್ಷದಿಂದ ಒಬ್ಳೇ ಬರ್ತಾನೇ ಇದ್ದೀನಿ.”

ಭಾವ ಕಣ್ಣು ಮುಚ್ಚಿ ಕೈ ಜೋಡಿಸಿದರು. ಊಟದ ಪ್ರಾರ್ಥನೆ ದಿನಾ ಅರ್ಧ ನಿಮಿಷ. ಅಂದು ಅದು ಊಟವನ್ನು ದಾಟಿ, ದಾರಿ ತಪ್ಪಿದವರನ್ನು ದಾಟಿ, ಈ ಮನೆಯಲ್ಲಿ ಹೊಕ್ಕ ಕಹಿಯವರೆಗೆ ಹೋಯಿತು. ನಾನು ಕಣ್ಣು ಮುಚ್ಚಲಿಲ್ಲ. ಹಬೆ ಕಡಿಮೆಯಾಗುತ್ತಾ ಹೋಗಿ ನಿಂತದ್ದನ್ನು ನೋಡಿದೆ.

“ಆಮೆನ್” ಎಂದರು ಭಾವ.

ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಬಾಯಿ ತಪ್ಪಿ ಅಂದುಬಿಡುತ್ತೇನೋ ಎಂದು ಭಯವಿತ್ತು. ಭಾವ ಕಣ್ಣು ತೆರೆದು ನನ್ನನ್ನೇ ನೋಡುತ್ತಾ ಕಾದರು. ಕೊನೆಗೆ ಅಕ್ಕ ಸೌಟು ಕೈಗೆ ತೆಗೆದುಕೊಂಡು, ಮೊದಲು ನನ್ನ ತಟ್ಟೆಗೆ ಬಡಿಸಿದಳು. ಆಮೇಲೆ ತನ್ನ ತಟ್ಟೆಗೆ.

ಎರಡು ತುತ್ತು ತಿಂದ ಮೇಲೆ ನನಗೆ ಹೊಳೆಯಿತು. ಅಕ್ಕನೂ ಆಮೆನ್ ಅಂದಿರಲಿಲ್ಲ.